ಮೋಟಾರ ಸ್ಟ್ಯಾಂಡಿನೊಳಗಿನ ಎಲಿ ತ್ವಾಟ

"ಜಡ್ಡಿಲ್ಲದವರಿಗೆ ದವಾಖಾನ್ಯಾಗ ಏನ್ ಕೆಲಸ?" ಅಂತ ನಮ್ಮ ಡಾಕ್ಟರು ದಿನಾ ಮುಂಜಾನೆ ಕೇಳತಿದ್ರು. ಕೇಳೂದು ನನ್ನ, ನೋಡೂದು ಪಡಸಾಲಿ ಕಡೆ. ಅಲ್ಲಿ ಗ್ವಾಡಿಗೆ ಬೆನ್ನು ಹಚ್ಚಿ ನಾಕೈದು ಮಂದಿ ಮುದುಕ್ಯಾರು ಕುಂತಿರತಿದ್ರು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದಿದ್ದ ಹೊಸತು ಅದು. ಸವಣೂರಿನ ಆ ಸಣ್ಣ ದವಾಖಾನಿಗೆ ನಾನೊಬ್ಬಕಿನ ನರ್ಸಬಾಯಿ. ಹೆರಿಗಿ, ಗಾಯ, ಹುಣ್ಣು, ಸೂಜಿ ಕುದಿಸೂದು, ಬಟ್ಟಿ ತೊಳೆಸೂದು, ಎಲ್ಲಾ ನಂದ. ಆ ಮುದುಕ್ಯಾರನ್ನ ಎಬ್ಬಿಸಿ ಮನಿಗೆ ಅಟ್ಟೂದೂ ನನ್ನ ಕೆಲಸ ಅಂತ ಡಾಕ್ಟರ ವಿಚಾರ. ನಾ ಅಟ್ಟಲಿಲ್ಲ.

ಅವರ ಜಡ್ಡು ಇಂಥಾದ್ದು ಅಂತ ಹೇಳಾಕ ಬರತಿರಲಿಲ್ಲ. ಒಬ್ಬಾಕಿಗೆ ಎದಿ ಝಲ್ಲ ಅಂತಿತ್ತು, ಒಬ್ಬಾಕಿಗೆ ನಿದ್ದಿ ಹತ್ತತಿರಲಿಲ್ಲ, ಇನ್ನೊಬ್ಬಾಕಿಗೆ ಎಲ್ಲಿ ನೋವು ಅಂತ ಕೇಳಿದ್ರ ಇಡೀ ಮೈಮ್ಯಾಲೆ ಕೈಯಾಡಿಸಿ ತೋರಸತಿದ್ಲು. ಎಲ್ಲಾರಿಗೂ ಕಂಪೌಂಡರು ಅದ ಕೆಂಪ ಔಷಧ ಬಾಟ್ಲಿ ತುಂಬಿ ಕೊಡತಿದ್ದ. ಒಂದ್ಸಲ ಧಾರವಾಡದಿಂದ ಔಷಧ ಬರೂದು ತಡ ಆತು, ಕೆಂಪ ಔಷಧ ತೀರಿತು. ಇನ್ನ ಇವರ ಕಾಟ ತಪ್ಪಿತು ಅಂತ ಡಾಕ್ಟರು ಖುಷಿ ಆದ್ರು. ಮರುದಿನ ಎಲ್ಲಾರೂ ಬಂದ್ರು. ಬಂದು ಕುಂತು, ತಮ್ಮ ಹಳೇ ಮಾತು ಮಾತಾಡಿ, ಬಿಸಲೇರಿದ ಮ್ಯಾಲೆ ಸೀರಿ ಝಾಡಿಸಿಕೊಂಡು ಎದ್ದು, "ಇವತ್ತ ಎದಿ ಹಗುರಾತವಾ" ಅಂತ ನನಗ ಹೇಳಿ ಹೋದ್ರು. ಒಂದ ಹನಿ ಔಷಧ ಕುಡೀಲಾರದ ಹಗುರಾದ್ರು. ಇವರು ಬರೂದ ಕುಂತು ಮಾತಾಡಾಕ ಅಂತ ನನಗ ಅವತ್ತ ತಿಳೀತು.

ನನಗ ಹಟ ಹತ್ತಿತು. ಗಾಯ ಕಟ್ಟೂದು ಮುಗಿದ ಮ್ಯಾಲೆ, ಹೆರಿಗಿ ಕರೆ ಬರದಿದ್ರ, ನಾನೂ ಗೋಣಿ ತಟ್ಟು ಹಾಸಿ ಅವರ ನಡುವ ಕುಂಡ್ರಾಕ ಹತ್ತಿದೆ. ಕುಂಡ್ರೂದಕ್ಕೂ ಒಂದು ರೀತಿ ಬೇಕು ಅಂತ ಲಗೂನ ಗೊತ್ತಾತು. ಸಾಲಾಗಿ ಕುಂತ್ರ ಮಾತು ಹುಟ್ಟೂದಿಲ್ಲ, ಎಲ್ಲಾರೂ ರಸ್ತೆ ನೋಡತಾರ. ಅದಕ್ಕ ಸುತ್ತ ಕುಂಡ್ರಿಸಿದೆ. ಕಿವಿ ಮಂದ ಇದ್ದಾಕಿನ್ನ ನನ್ನ ಮಗ್ಗಲಿಗೆ ಇಟಗೊಂಡೆ. ಸೊಸ್ತ್ಯಾರನ್ನ ಹತ್ತರ ಬಿಡಲಿಲ್ಲ. ಅವರು ಬಂದ್ರ "ಹಂಗಲ್ಲ ಬಿಡ್ರೀ ಅತ್ತಿ, ಆ ವರ್ಷ ಅಲ್ಲ, ಮರುವರ್ಷ" ಅಂತ ತಿದ್ದತಾರ. ತಿದ್ದಿಸಿಕೊಂಡಾಕಿ ಅವತ್ತ ಮತ್ತ ಬಾಯಿ ತೆಗಿಯೂದಿಲ್ಲ. ಇಲ್ಲಿ ಯಾರೂ ಯಾರಿಗೂ ತಪ್ಪು ಅನ್ನಬಾರದು ಅಂತ ನಾ ಕಟ್ಟಳಿ ಮಾಡಿದೆ. ಖಾರದ ಆಯಿ ಸೊಂಟದ ಮ್ಯಾಲೆ ಕೈ ಇಟ್ಟು, "ಹಂಗಾದ್ರ ಮಾತಾಡೂದರಾಗ ರುಚಿ ಎಲ್ಲಿ ಬಂತ ತಂಗಿ?" ಅಂದ್ಲು.

ಈ ಖಾರದ ಆಯಿ ಹರೇದಾಗಿಂದ ತಿನ್ನೂ ಖಾರ ಮಾಡೂ ಭಟ್ಟಿ ಮುಂದ ಕುಂತು ಕರದಾಕಿ. ಮೊಣಕೈ ತನಕ ಎಣ್ಣಿ ಸಿಡಿದ ಕಲಿ ಇದ್ದುವು. ಇನ್ನೊಬ್ಬಾಕಿ ಹವೇಲಿ ಬೀಬಿ, ನವಾಬರ ಅಡಿಗಿಮನ್ಯಾಗ ಮಸಾಲಿ ಅರೀತಿದ್ದಾಕಿ. ಕಿವಿ ಮಂದ ಇದ್ದಾಕಿ ಹಾನಗಲ್ಲಿಂದ ಮದಿವ್ಯಾಗಿ ಬಂದಾಕಿ. ಯಾವ ಮಾತು ಎತ್ತಿದ್ರೂ ಅದನ್ನ ತವರುಮನಿ ಭತ್ತದ ಗದ್ದಿಗೇ ತಂದು ನಿಲ್ಲಸತಿದ್ಲು. ಇವರು ಮೂವರು ಇದ್ರ ಸಾಕು, ಪಡಸಾಲಿ ತುಂಬತಿತ್ತು.

ಅಲ್ಲಿಗೆ ಒಂದಿನ, ಮುಂದ ನಾವು ತ್ವಾಟದ ಆಯಿ ಅಂತ ಕರದಾಕಿ ಬಂದ್ಲು. ಬಂದ್ಲು ಅನ್ನೂದಕ್ಕಿಂತ ಸೊಸಿ ಕೈಹಿಡಿದು ಎಳಕೊಂಡ ಬಂದ್ಲು ಅನಬೇಕು. ಕಾಲಾಗ ಗಾಯ ಆಗಿತ್ತು. ತೊಳಿಯಾಕ ಸೀರಿ ಸರಿಸಿದೆ. ಹರಡಿನ ಸುತ್ತ ಚರ್ಮ ಕಿತ್ತು ಹೋಗಿತ್ತು. ಹಗ್ಗದ ಗಾಯ ಅದು, ಎಮ್ಮಿ ಕಾಲಾಗ ನೋಡಿದ್ದೆ, ಮನುಷ್ಯಾರ ಕಾಲಾಗ ನೋಡಿದ್ದಿಲ್ಲ. ನನ್ನ ಮೈ ಉರೀತು. ಮಗನ್ನ ಕರಸು ಅಂತ ಸೊಸಿಗೆ ಹೇಳಿದೆ.

ಮಗನ ಬಜಾರದಾಗ ಸೈಕಲ್ ರಿಪೇರಿ ಅಂಗಡಿ. ಕೈಯಾಗಿನ ಎಣ್ಣಿ ಒರಸಿಕೋತ ಬಂದ. ಬಯ್ಯಬೇಕಂತ ಸಜ್ಜಾಗಿ ನಿಂತಿದ್ದೆ. ಅವನ ಮುಖ ನೋಡಿ ಬರೇ ಆ ಗಾಯ ತೋರಿಸಿದೆ.

"ಕಟ್ಟದ ಏನ್ ಮಾಡ್ಲಿ ಬಾಯಾರ? ಅಪ್ಪ ಹೋದಾಗಿಂದ ಅವ್ವ ಒಂದ ಮಾತಾಡಿಲ್ಲ. ಸಂಜಿ ಆತಂದ್ರ ಮನಿ ಬಿಟ್ಟು ಹೊಂಡತಾಳ. ಮೋಟಾರ ಸ್ಟ್ಯಾಂಡಿಗೆ ಹೋಗಿ, ಅಲ್ಲಿ ಮಾಲು ಇಡೂ ಗೋಡಾವಿನ ಮುಂದ ಚಪ್ಪಲಿ ಬಿಟ್ಟು, ನಟ್ಟನಡುವ ಕೈ ಮ್ಯಾಲೆತ್ತಿ ನಿಂದರತಾಳ. ಮೊನ್ನೆ ಮೋಟಾರ ಮೈಮ್ಯಾಲೆ ಬಂದಿತ್ತು, ಡ್ರೈವರ ಪುಣ್ಯಾತ್ಮ ಬ್ರೇಕ ಹಾಕಿದ. ನಾ ಅಂಗಡಿ ಬಿಟ್ಟು ಎಷ್ಟಂತ ಕಾಯ್ಲಿ?"

"ಅದಕ್ಕ ಹಗ್ಗ ಹಾಕಿದೇನು?"

"ಇನ್ನ ಹಗ್ಗಾನೂ ಬ್ಯಾಡ ಅಂದಾರ ಡಾಕ್ಟರು. ಧಾರವಾಡದ ಹುಚ್ಚರ ದವಾಖಾನಿಗೆ ಚೀಟಿ ಬರಕೊಡ್ತೇನಿ ಅಂದಾರ. ಇಲ್ಲಿ ಮೋಟಾರ ಕೆಳಗ ಬೀಳೂದಕ್ಕಿಂತ ಅಲ್ಲಿ ಜೀವಂತ ಇರ್ಲಿ ಬಿಡ್ರಿ." ಇಷ್ಟು ಹೇಳಿ ಅಂವ ಗ್ವಾಡಿ ಕಡೆ ಮುಖ ತಿರಿವಿದ.

ನಾ ಡಾಕ್ಟರ ಖೋಲಿಗೆ ಹೋದೆ. ಅವರು ಕೆಟ್ಟವರಲ್ಲ, ಅದನ್ನ ಮೊದಲ ಹೇಳಿಬಿಡ್ತೇನಿ. ಪ್ಲೇಗಿನ ಸುದ್ದಿ ಬಂದ ಹಳ್ಳಿಗೆ ತಾವ ಮೊದಲ ಹೋಗಾವ್ರು. ಆದರ ಪುಸ್ತಕದಾಗ ಇರಲಾರದ್ದು ಅವರ ಕಣ್ಣಿಗೆ ಕಾಣತಿರಲಿಲ್ಲ. "ಆ ಆಯೀನ್ನ ನನ್ನ ಪಡಸಾಲ್ಯಾಗ ನಾಕ ದಿನ ಕುಂಡ್ರಸ್ತೇನಿ, ಆಮ್ಯಾಲೆ ನೋಡ್ರಿ" ಅಂದೆ. "ಪಡಸಾಲಿ ನಿಮ್ಮದು ಯಾವಾಗ ಆತು?" ಅಂದ್ರು. ಕಡೀಕ ಹುಣ್ಣಿಮಿ ತನಕ ಟೈಮು ಕೊಟ್ರು. ಹುಣ್ಣಿಮಿ ಮರುದಿನ ಸಹಿ ಹಾಕ್ತೇನಿ, ಅವತ್ತ ಮಧ್ಯಾಹ್ನದ ಮೋಟಾರಕ್ಕ ಕರಕೊಂಡ ಹೋಗಲಿ ಅಂತ ಮಗಗ ಹೇಳಿ ಕಳಿಸಿದ್ರು.

ಸೊಸಿ ದಿನಾ ಮುಂಜಾನೆ ಆಯೀನ್ನ ತಂದು ಬಿಡತಿದ್ಲು. ಆಯಿ ಕುಂಡ್ರತಿದ್ಲು, ಅಷ್ಟ. ಕಣ್ಣು ತೆರದ ಇರತಿದ್ಲು, ಆದರ ಯಾರ ಮ್ಯಾಲೂ ನೆಡತಿರಲಿಲ್ಲ. ನಾ ಪ್ರಶ್ನಿ ಕೇಳಿ ಮಾತಾಡಸಬೇಕಂತ ಹೊಂಟೆ. ಮದಿವಿ ಎಲ್ಲಿ ಆತು, ದಿಬ್ಬಣ ಹೆಂಗ ಬಂತು ಅಂತ ಎಲ್ಲಾರನ್ನೂ ಕೇಳಿದೆ. ಉಳದವರು ನಾ ಮುಂದ ತಾ ಮುಂದ ಅಂತ ಹೇಳಿದ್ರು, ಹವೇಲಿ ಬೀಬಿ ತನ್ನ ನಿಕಾದ ಪುಲಾವ್ ಹೊತ್ತಿದ್ದನ್ನ ಹೇಳಿ ಎಲ್ಲಾರನ್ನೂ ನಗಿಸಿದ್ಲು. ತ್ವಾಟದ ಆಯಿ ಮಾತ್ರ ಸೆರಗು ಮುಖದ ಮ್ಯಾಲೆ ಎಳಕೊಂಡು ಗಡಗಡ ನಡಗಾಕ ಹತ್ತಿದ್ಲು. ಮನಿಗೆ ಹೋಗಿ ಅವತ್ತ ಉಣ್ಣಲೇ ಇಲ್ಲಂತ. ಮಗ ಬಂದು, "ನೀವೂ ಬ್ಯಾಡ, ನಿಮ್ಮ ಮಾತೂ ಬ್ಯಾಡ" ಅಂದ. ಕಾಲು ಹಿಡಿಯೂದೊಂದು ಬಿಟ್ಟು ಎಲ್ಲಾ ಮಾಡಿ ಅವನ್ನ ಒಪ್ಪಿಸಿದೆ.

ಆಮ್ಯಾಲೆ ಪ್ರಶ್ನಿ ಕೇಳೂದು ಬಿಟ್ಟೆ. ದಿನಕ್ಕೊಂದು ಸಾಮಾನು ತಂದು ನಡುವ ಇಡತಿದ್ದೆ. ಒಂದಿನ ಖಾರ ಕರಿಯೂ ಝಾರಿ, ಒಂದಿನ ಎತ್ತಿನ ಕೊರಳ ಗಂಟಿ, ಒಂದಿನ ಹಿಡಿ ಧನಿಯಾ. ಕೈಗೆ ಸಾಮಾನು ಸಿಕ್ಕರ ಮಾತು ತಾನ ಬರತಿತ್ತು. ಝಾರಿ ಹಿಡಿದು ಖಾರದ ಆಯಿ ಇಡೀ ಭಟ್ಟಿ ಕಣ್ಣಮುಂದ ತಂದ್ಲು. ಕುಂತವರಿಗೆ ಹಸಿವಿ ಆಗಬೇಕು, ಹಂಗ ಹೇಳಿದ್ಲು. ಎದಿ ಝಲ್ಲ ಅನ್ನೂದು, ನಿದ್ದಿ ಬರಲಾರದ್ದು ಯಾರೂ ನೆನಸತಿರಲಿಲ್ಲ. ತ್ವಾಟದ ಆಯಿ ಕೈಗೆ ಕೊಟ್ಟಿದ್ದನ್ನ ಹಿಡಕೊಂಡು ಕುಂಡ್ರತಿದ್ಲು, ಇಸಗೊಂಡ್ರ ಬಿಡತಿದ್ಲು. ಆಕಾಶದಾಗ ಚಂದ್ರ ಬೆಳಿಯಾಕ ಹತ್ತಿದ್ದ. ನಾ ದಿನಾ ಸಂಜೀಕ ಅವನ್ನ ನೋಡಿ ಬಯ್ಯತಿದ್ದೆ.

ಅಷ್ಟರಾಗ ತಾಲೂಕ ಬೋರ್ಡಿನ ಮೆಂಬರೊಬ್ಬರು ಬಂದ್ರು. ಖಾದಿ ಟೊಪಗಿ, ಕಂಕಳಾಗ ಛತ್ರಿ, ಚಳವಳ್ಯಾಗ ಜೈಲಿಗೆ ಹೋಗಿ ಬಂದವರು. "ಏನ್ ಬಾಯಾರ, ಸ್ವರಾಜ್ಯ ಬಂದ ಮ್ಯಾಲೂ ಸರಕಾರಿ ದವಾಖಾನ್ಯಾಗ ನವಾಬರ ಹೊಗಳಿಕಿ ನಡದೇತಂತ?" ಅಂದ್ರು. ಹವೇಲಿ ಬೀಬಿ ತನ್ನ ಅಡಿಗಿಮನಿ ವೈಭವ ಹೇಳಿದ್ದು ಬಜಾರದಾಗ ಹಿಂಗಾಗಿ ಮುಟ್ಟಿತ್ತು.

"ಅವರು ನವಾಬರನ್ನ ಹೊಗಳೂದಿಲ್ರಿ ಸಾಹೇಬ್ರ" ಅಂದೆ. "ತಮ್ಮ ಬಾಯಾಗ ಹಲ್ಲು ಇದ್ದ ಕಾಲಾನ ಹೊಗಳತಾರ. ನಾಳೆ ನಿಮಗ ಹಲ್ಲು ಬಿದ್ದಾಗ ಬರ್ರಿ, ನಿಮ್ಮ ಜೈಲಿನ ರೊಟ್ಟಿ ಸುದ್ದಿ ಹಿಂಗ ಕೇಳತೇವಿ."

ಹಿಂದ ಕಂಪೌಂಡರ ನಕ್ಕಬಿಟ್ಟ. ಅದ ಕುತ್ತು ಆತು. ಮೆಂಬರು ನೆಟ್ಟಗ ಡಾಕ್ಟರ ಖೋಲಿಗೆ ಹೋದ್ರು, ಅವರು ಹೋದ ಮ್ಯಾಲೆ ಡಾಕ್ಟರು ಹೊರಗ ಬಂದು, ನಾಳಿಯಿಂದ ಪಡಸಾಲ್ಯಾಗ ರೋಗಿಗಳನ್ನ ಬಿಟ್ಟು ಯಾರೂ ಕುಂಡ್ರಬಾರದು ಅಂತ ಹುಕುಂ ಮಾಡಿದ್ರು.

ಮರುದಿನ ಎಲ್ಲಾರನ್ನೂ ದವಾಖಾನಿ ಹಿತ್ತಲದ ಬೇವಿನ ಗಿಡದ ಕೆಳಗ ಕರಕೊಂಡ ಹೋದೆ. ಪಡಸಾಲಿ ಸರಕಾರದ್ದು ಅಂದ್ರ ಆತು, ಬೇವಿನ ನೆಳ್ಳಿಗೆ ಯಾರ ಹುಕುಂ ಬೇಕು. ತಟ್ಟು ಸಾಲದ ಎಲ್ಲಾರೂ ನೆಲದ ಮ್ಯಾಲೆ ಕುಂತ್ವಿ. ಕೆಳಗ ಮೆತ್ತನ್ನ ಧೂಳಿ. ಅವತ್ತ ನಾ ತಂದಿದ್ದು ಹುಣಸಿ ಬೀಜ. ಖಾರದ ಆಯಿ ಕೈಬಟ್ಟಿನಿಂದ ಧೂಳ್ಯಾಗ ಒಂದು ಗೆರಿ ಎಳದು, "ಇದು ಬಜಾರ" ಅಂದ್ಲು. ಹವೇಲಿ ಬೀಬಿ ಒಡಕ ಗಡಿಗಿದೊಂದು ಬೋಕಿ ಇಟ್ಟು, "ಇದು ನಮ್ಮ ಮಸೂತಿ" ಅಂದ್ಲು. ಇನ್ನೊಬ್ಬಾಕಿ ಮಠ ಇಟ್ಲು. ಬಾವಿ ಬಂತು, ಕೆರಿ ಬಂತು. ಹಾನಗಲ್ಲ ಆಯಿ ಸವಣೂರಿನ ಮೂಲ್ಯಾಗ ತನ್ನ ತವರಿನ ಗದ್ದೀನೂ ಇಟ್ಲು, ಯಾರೂ ತಪ್ಪು ಅನ್ನಲಿಲ್ಲ. ತಮ್ಮ ಹರೇದ ಊರು ಕಟ್ಟಾಕ ಹತ್ತಿದ್ರು.

ತ್ವಾಟದ ಆಯಿ ಕೈ ಚಾಚಿದ್ಲು. ನನ್ನ ಉಡ್ಯಾಗಿನ ಹುಣಸಿ ಬೀಜ ತಗೊಂಡ್ಲು. ಬಜಾರದ ಆಚಿ ತುದಿಗೆ, ಬಾವಿ ಬಾಜೂಕ, ಒಂದೊಂದ ಬೀಜ ಸಾಲು ಹಿಡಿದು ಇಡಾಕ ಹತ್ತಿದ್ಲು. ಒಂದು ಸಾಲು ಮುಗಿಸಿ ಮತ್ತೊಂದು. ಸಾಲು ಸೊಟ್ಟ ಆದ್ರ ಬಟ್ಟಿನಿಂದ ಸರಿ ಮಾಡತಿದ್ಲು. ಕಣ್ಣು ಆ ಬೀಜದ ಮ್ಯಾಲೆ ನೆಟ್ಟಿತ್ತು.

"ಅಲ್ಲೇನ ಐತಿ? ಅದು ಮೋಟಾರ ನಿಂದರೂ ಜಾಗ" ಅಂದೆ ನಾ. ನನ್ನ ಕಟ್ಟಳಿ ನಾನ ಮುರದೆ.

"ನೀ ಪರಊರಾಕಿ, ನಿನಗೇನ ಗೊತ್ತು" ಅಂದ್ಲು ಖಾರದ ಆಯಿ. "ಅಲ್ಲಿ ವೀಳ್ಯದೆಲಿ ತ್ವಾಟ ಇತ್ತು. ಇಕಿ ಗಂಡ ಧಣಿಗೆ ಗುತ್ತಿಗಿ ಕೊಟ್ಟು ಲಾವಣಿಗೆ ಮಾಡಿದ್ದ. ಜೋಡಿ ದುಡೀತಿದ್ರು ಇಬ್ಬರೂ. ಮುಂದ ಧಣಿ ತ್ವಾಟ ಕಡಿಸಿ ಗೋಡಾವ ಕಟ್ಟಿಸಿದ, ಗೋಡಾವಿನ ಮುಂದ ಮೋಟಾರ ನಿಂದರಾಕ ಹತ್ತಿದುವು. ಈಗ ಗೋಡಾವಿನ ಬಾಗಲ ಇದ್ದಲ್ಲೇ ತ್ವಾಟದ ಬಾಗಲ ಇತ್ತು."

ಗೋಡಾವಿನ ಮುಂದ ಚಪ್ಪಲಿ ಬಿಡತಾಳ ಅಂದಿದ್ದ ಮಗ. ಎಲಿ ತ್ವಾಟದೊಳಗ ಯಾರೂ ಚಪ್ಪಲಿ ಮೆಟ್ಟಿ ಹೋಗೂದಿಲ್ಲ, ಬಳ್ಳಿ ಒಣಗತಾವ ಅಂತ ಆ ಊರಾಗ ಸಣ್ಣ ಕೂಸಿಗೂ ಗೊತ್ತು. ಕೈ ಮ್ಯಾಲೆತ್ತಿ ನಿಂದರತಾಳ ಅಂದಿದ್ದ. ಎತ್ತರದ ಬಳ್ಳಿ ಎಲಿ ಕೊಯ್ಯಾವರು ಹಂಗ ನಿಂದರೂದು. ಮಗ ಸಣ್ಣಾಂವ ಇದ್ದಾಗ ಕಡಿದ ತ್ವಾಟ ಅದು, ಅವಗ ಅಷ್ಟು ನೆನಪಿರಲಿಲ್ಲ. ಆಯಿ ಓಡಿ ಹೋಗತಿದ್ದಿಲ್ಲ, ಕೆಲಸಕ್ಕ ಹೋಗತಿದ್ಲು.

ಡಾಕ್ಟರಿಗೆ ಹೇಳಿದೆ. ಅವರು ಪೂರಾ ಕೇಳಿದ್ರು, ಅದನ್ನೂ ಹೇಳಬೇಕು. ಕೇಳಿ, "ಹುಚ್ಚು ಯಾಕ ಹಿಡೀತು ಅಂತ ನೀವು ಹೇಳಿದ್ರಿ. ಹುಚ್ಚು ಇಲ್ಲ ಅಂತ ಅದರಿಂದ ಆಗೂದಿಲ್ಲ. ಇಲ್ಲದ ತ್ವಾಟದಾಗ ಎಲಿ ಕೊಯ್ಯಾಕಿನ್ನ ಮೋಟಾರ ಬಿಡತೇತೇನು?" ಅಂದ್ರು. ಸಹಿ ನಾಡಿದ್ದು ಅಂದ್ರು. ಇಲ್ಲದ ತ್ವಾಟದಾಗ ಕೊಯ್ಯತಾಳ ಅಂದ್ರ, ಇದ್ದ ತ್ವಾಟಕ್ಕ ಕರಕೊಂಡ ಹೋದ್ರಾತು ಅಂತ ರೊಟ್ಟಿ ಬಡಿಯೂವಾಗ ನನಗ ಹೊಳೀತು.

ಮರುದಿನ ಹುಣ್ಣಿಮಿ. ಡಾಕ್ಟರ ಪರವಾನಗಿ ಕೇಳಿದೆ. "ಡ್ಯೂಟಿ ಮ್ಯಾಲೆ ಇರಾಕಿ ಮುದುಕ್ಯಾರನ್ನ ಕರಕೊಂಡು ತ್ವಾಟ ತಿರಗತಾಳೇನು? ಹೋದ್ರ ನಾ ವರದಿ ಬರೀಬೇಕಾಗತೈತಿ" ಅಂದ್ರು.

"ಬರೀರಿ. ಅಕ್ಷರ ದುಂಡಗ ಇರಲಿ" ಅಂದು ಹೊರಗ ಬಂದೆ.

ಖಾರದ ಆಯಿ ಅಳ್ಯಾನ ಚಕ್ಕಡಿ ಸಿಕ್ಕಿತು. ಎಲ್ಲಾರೂ ಹತ್ತಿದ್ರು. ಯಾರೂ ಹಿಂದ ಉಳೀಲಿಲ್ಲ. ಊರ ಹೊರಗಿನ ಎಲಿ ತ್ವಾಟದ ಮುಂದ ಇಳದ್ವಿ. ತ್ವಾಟದ ಯಜಮಾನ ಬಾಗಲದಾಗ ಅಡ್ಡ ನಿಂತ, ನನ್ನ ಬಿಳಿ ಸೀರಿ ನೋಡಿ ತಲಿ ತುರಸಿಕೊಂಡ. "ಒಳಗ ಬರ್ರಿ, ಆದರ ಬಾಯಾರ, ಹೆಣಮಕ್ಕಳು ಒಳಗ ಬರಬೇಕಾದ್ರ ನಮ್ಮಲ್ಲಿ ಒಂದು ಮಡಿ..." ಅಂತ ಅರ್ಧಕ್ಕ ನಿಲ್ಲಿಸಿದ.

"ಇವರದೆಲ್ಲಾ ಮುಟ್ಟು ನಿಂತು ಯಾವ ಕಾಲ ಆತು. ನಂದು ನನಗ ಗೊತ್ತೈತಿ. ಸರೀರಿ" ಅಂದೆ. ಪಾಪ, ಅಂವ ಕೆಂಪಗಾಗಿ ಸರದ.

ತ್ವಾಟದ ಆಯಿ ನನ್ನ ಕೈ ಬಿಡಿಸಿಕೊಂಡ್ಲು. ಬಾಗಲ ಬುಡಕ ಚಪ್ಪಲಿ ಎರಡೂ ಜೋಡಿಸಿ ಇಟ್ಟು ಒಳಗ ನಡದ್ಲು. ಚೊಗಚಿ ಗಿಡಕ್ಕ ಹಬ್ಬಿದ ಬಳ್ಳಿ ಸಾಲು, ನಡುವ ನೀರು ಬಿಟ್ಟ ಕಾಲವಿ, ಕೆಸರು. ಜಾರಿ ಬೀಳತಾಳ ಅಂತ ಹೆದರಿ ನಾ ಬೆನ್ನಹತ್ತಿ ಓಡಿದೆ. ಆಯಿ ಗಕ್ಕನ ನಿಂತು, ಹೊಳ್ಳಿ, ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ್ಲು. ಅವಸರದಾಗ ಬಿಡೂದು ಮರತ ಡ್ಯೂಟಿ ಬಿಳಿ ಬೂಟು ನನ್ನ ಕಾಲಾಗ ಇದ್ದುವು.

"ಬೂಟ ಮೆಟ್ಟಿ ತ್ವಾಟಕ್ಕ ಬರತಾರನು? ಯಾರಕಿ ನೀ? ಬಿಚ್ಚ, ಹೊರಗಿಟ್ಟ ಬಾ."

ದನಿ ತುಕ್ಕು ಹಿಡಿದಂಗ ಇತ್ತು, ಆದರ ಗದರಿದ್ದು ಗದರಿದ್ದ. ನಾ ಕೆಸರಾಗ ಕುಂತು ಬೂಟಿನ ಲಾಡಿ ಬಿಚ್ಚಾಕ ಹತ್ತಿದೆ. ಗಡಿಬಿಡ್ಯಾಗ ಲಾಡಿ ಗಂಟಾತು. ಅಳು ಬಂತು, ನಗೂನೂ ಬಂತು. ಅಷ್ಟು ಚಂದಾಗಿ ನನ್ನ ಯಾರೂ ಬೈದಿದ್ದಿಲ್ಲ. ಹಿಂದ ಖಾರದ ಆಯಿ, "ಬಾಯಿ ಬಂತವಾ ಇಕಿಗೆ, ಬಾಯಿ ಬಂತ" ಅಂತ ಎಲ್ಲಾರಿಗೂ ಹೇಳಾಕ ಹತ್ತಿದ್ಲು.

ಆಯಿ ಕೈ ಮ್ಯಾಲೆತ್ತಿ ಎಲಿ ಕೊಯ್ಯಾಕ ಹತ್ತಿದ್ಲು. ಹೆಬ್ಬೆಟ್ಟಿನ ಉಗುರಿನಿಂದ ತೊಟ್ಟು ಚಿವುಟಿ, ಎಡಗೈಯಾಗ ಒಂದರ ಮ್ಯಾಲೊಂದು ಜೋಡಿಸಿಕೋತ ಸಾಲು ಹಿಡಿದು ಮುಂದ ಹೋದ್ಲು. ಯಜಮಾನ ಬ್ಯಾಡ ಅನ್ನಲಿಲ್ಲ. ಅಷ್ಟರಾಗ ಮಗ ಸೈಕಲ್ ತುಳಕೋತ ಬಂದ, ಬಾಗಲದಾಗ ಇಳದು, "ಯಾರನ್ನ ಕೇಳಿ ಕರಕೊಂಡ ಬಂದ್ರಿ?" ಅಂತ ಅಲ್ಲಿಂದನ ನನ್ನ ಮ್ಯಾಲೆ ಹರಿಹಾಯ್ದ. ಅವನ ದನಿಗೆ ಆಯಿ ಹೊಳ್ಳಿ ನೋಡಿದ್ಲು.

"ಬುತ್ತಿ ತಂದೇನಪಾ? ಇಷ್ಟ ತಡ ಮಾಡಿದಿ. ನಿಮ್ಮಪ್ಪ ಹಸದಾನ."

ಮಗ ನಿಂತಲ್ಲೇ ನಿಂತ. ಸಣ್ಣಾಂವ ಇದ್ದಾಗ ಅವ್ವ ಅಪ್ಪಗ ತ್ವಾಟಕ್ಕ ಬುತ್ತಿ ಹೊತ್ತಾಂವ ಅವನ, ಆ ಮಾತು ಕೇಳಿದ ಮ್ಯಾಲೆ ಅದು ನೆನಪಾತು ಅಂತ ಆಮ್ಯಾಲೆ ಹೇಳಿದ. ಅವನ ಕೈಯಾಗ ಏನೂ ಇರಲಿಲ್ಲ. ಸೈಕಲ್ ಬಿದ್ದದ್ದೂ ಅವಗ ತಿಳೀಲಿಲ್ಲ.

"ತಂದೇನವ್ವಾ" ಅಂದ. ಚಪ್ಪಲಿ ಬಿಟ್ಟು, ಅವ್ವನ ಚಪ್ಪಲಿ ಮಗ್ಗಲಿಗೆ ಇಟ್ಟು, ಒಳಗ ಬಂದ.

ಮರುದಿನ ಡಾಕ್ಟರ ಟೇಬಲ್ಲಿನ ಮುಂದ ನಿಂತು ಮಗ ಚೀಟಿ ಬ್ಯಾಡ ಅಂದ. ಡಾಕ್ಟರು ನನ್ನ ನೋಡಿದ್ರು. "ಗಂಡ ಸತ್ತದ್ದು ನೆನಪಿಲ್ಲ, ಮಗ ದೊಡ್ಡಾಂವ ಆಗಿದ್ದು ನೆನಪಿಲ್ಲ. ಇದಕ್ಕ ಸುಧಾರಣಿ ಅಂತ ನಾ ಅನ್ನೂದಿಲ್ಲ" ಅಂದ್ರು.

"ಅನ್ನಬ್ಯಾಡ್ರಿ. ಸಹಿ ಹಾಕಬ್ಯಾಡ್ರಿ, ಅಷ್ಟ ಸಾಕು" ಅಂದೆ.

ಅವರ ಮಾತು ಪೂರಾ ಸುಳ್ಳಲ್ಲ. ಆಯಿ ಸೊಸಿ ಹೆಸರು ಕಡೀತನಕ ನೆನಪು ಮಾಡಿಕೊಳ್ಳಲಿಲ್ಲ. ಗಂಡನ್ನ ಆಗಾಗ ಹುಡಕತಿದ್ಲು. ಆದರ ಉಣ್ಣಾಕ ಹತ್ತಿದ್ಲು, ಮಲಗಾಕ ಹತ್ತಿದ್ಲು, ಬೇವಿನ ಕೆಳಗ ಕುಂತು ಹವೇಲಿ ಬೀಬಿ ಜೋಡಿ ಜಗಳಾಡಾಕ ಹತ್ತಿದ್ಲು. ಸಂಜೀಕ ಸೊಸಿ ಅಕಿನ್ನ ಊರ ಹೊರಗಿನ ತ್ವಾಟಕ್ಕ ಬಿಟ್ಟು ಬರತಿದ್ಲು, ಯಜಮಾನ ಎಲಿ ಜೋಡಿಸಿ ಕಟ್ಟಾಕ ಕೊಡತಿದ್ದ. ಹಗ್ಗ ಹೊಳ್ಳಿ ಎಮ್ಮಿ ಕೊರಳಿಗೆ ಹೋತು. ಮಂದಿ ಕೂಡಿ ಹಳೇದು ನೆನಸೂದು ಒಂದು ಔಷಧ ಅಂತ ದೊಡ್ಡ ದೊಡ್ಡ ಊರಾಗ ಹೇಳತಾರಂತ ಈಗ. ಹೇಳಲಿ, ಚಲೋ ಆತು. ನಮ್ಮ ಹತ್ತರ ಅದಕ್ಕ ಹೆಸರು ಇರಲಿಲ್ಲ, ಹುಣಸಿ ಬೀಜ ಇದ್ದುವು.

ಡಾಕ್ಟರು ವರದಿ ಬರದ್ರು. ನನಗ ಹಿರೇಕೆರೂರಿಗೆ ವರ್ಗ ಆತು. ಡ್ಯೂಟಿ ಬಿಟ್ಟು ಹೋದದ್ದು ಖರೆ, ಅದಕ್ಕ ನಾ ಮಾಫಿ ಬೇಡಲಿಲ್ಲ. ಹೋಗೂ ದಿನ ಮೋಟಾರ ಸ್ಟ್ಯಾಂಡಿಗೆ ಟ್ರಂಕು ಹೊರಿಸಿಕೊಂಡು ಬಂದೆ. ಗೋಡಾವಿನ ಮುಂದ ನನ್ನ ಮುದುಕ್ಯಾರೆಲ್ಲಾ ನಿಂತಿದ್ರು. ತ್ವಾಟದ ಆಯಿ ಚಪ್ಪಲಿ ಬಿಟ್ಟು ನಿಂತಿದ್ಲು. ಅಕಿನ್ನ ನೋಡಿ ಖಾರದ ಆಯಿ ಬಿಟ್ಲು, ಹವೇಲಿ ಬೀಬಿ ಬಿಟ್ಲು, ಹಾನಗಲ್ಲ ಆಯೀನೂ ಬಿಟ್ಲು. ಬಿಸಲಿಗೆ ಕಾದ ನೆಲದ ಮ್ಯಾಲೆ ಬರಿಗಾಲಾಗ ನಿಂತಿದ್ರು ಎಲ್ಲಾರೂ. ಮೋಟಾರದಾಗ ಕುಂತ ಮಂದಿ ನಗಾಕ ಹತ್ತಿತು.

"ಇದೇನ ಗುಡೀ ಏನಬೇ? ಸರೀರಿ, ಮೋಟಾರ ಬಿಡಬೇಕು" ಅಂದ ಕಂಡಕ್ಟರ.

ತ್ವಾಟದ ಆಯಿ ಮೋಟಾರದ ಮುಂದಿಂದ ಸರೀಲಿಲ್ಲ. ನನ್ನ ಕಾಲು ನೋಡಿದ್ಲು. ನಾ ಟ್ರಂಕಿನ ಮ್ಯಾಲೆ ಕುಂತು ಬೂಟು ಬಿಚ್ಚಿದೆ. ಕೈಯಾಗ ಹಿಡಕೊಂಡು, ಸುಡೂ ನೆಲದ ಮ್ಯಾಲೆ ನಡಕೋತ ಹೋಗಿ ಮೋಟಾರ ಹತ್ತಿದೆ. ಆಯಿ ಒಂದು ಹೆಜ್ಜಿ ಬಾಜೂಕ ಸರದು ಕಂಡಕ್ಟರಗ ಹೇಳಿದ್ಲು:

"ಬಿಚ್ಯಾಳ. ಇನ್ನ ಬಿಡಪಾ ಮೋಟಾರ."